ಓದುಗರ ಪ್ರಶ್ನೆ: ಓಟದಲ್ಲಿ ನಾನೇ ಫಸ್ಟ್, ಕಮಾಂಡೋ ಆಗೋಕೆ ಇಷ್ಟು ಸಾಕಾ?

"ಸರ್, 1600 ಮೀಟರ್ ಓಟ ಐದು ನಿಮಿಷದೊಳಗೆ ಮುಗಿಸ್ತೀನಿ. ಪ್ಯಾರಾ ಕಮಾಂಡೋ ಆಗಬೇಕು ಅಂತ ಆಸೆ. ಮನಸ್ಸು ಗಟ್ಟಿಯಾಗಲಿ ಅಂತ ಈಗ ಮಧ್ಯಾಹ್ನದ ಬಿಸಿಲಲ್ಲಿ ಬೆನ್ನಿಗೆ ಮರಳಿನ ಚೀಲ ಕಟ್ಕೊಂಡು ಓಡ್ತಿದ್ದೀನಿ. ಅವ್ವ ಬೈತಾಳೆ. ನಾನು ಮಾಡ್ತಿರೋದು ಸರಿನಾ?"
ಮಸ್ಕಿ ಕಡೆಯ ಓದುಗರು

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆಯ ಹುಡುಗರೂ ಇದನ್ನೇ ಕೇಳುತ್ತಾರೆ. ಮೊದಲು ಒಂದು ಮಾತು: ಬಿಸಿಲಿನ ವಿಷಯದಲ್ಲಿ ನಿಮ್ಮ ಅವ್ವ ಹೇಳೋದೇ ಸರಿ. ಇವತ್ತಿಂದಲೇ ಅದನ್ನು ನಿಲ್ಲಿಸಿ. ಕಾರಣ ಮುಂದೆ ಹೇಳ್ತೀನಿ.

ಇನ್ನು ಓಟ. ಸೇನಾ ಭರ್ತಿ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್‌ಅಪ್ ಹೊಡೆದರೆ 40. ಒಂಬತ್ತು ಅಡಿ ಹಳ್ಳ ಜಿಗಿಯಬೇಕು, ಅಂಕುಡೊಂಕು ಕಟ್ಟೆಯ ಮೇಲೆ ಬೀಳದೆ ನಡೆಯಬೇಕು. ನಿಮ್ಮ ಓಟ ಇದಕ್ಕೆ ಧಾರಾಳ ಸಾಕು. ಆದರೆ ಇದು ಸೇನೆಯ ಬಾಗಿಲು ಅಷ್ಟೇ. ನೀವು ಹೇಳುವ ಪ್ಯಾರಾ ಕಮಾಂಡೋ ಪಡೆಗೆ, ಅಂದರೆ ಪ್ಯಾರಾ ಸ್ಪೆಷಲ್ ಫೋರ್ಸಸ್‌ಗೆ ಯಾರನ್ನೂ ಬಲವಂತವಾಗಿ ಕಳಿಸುವುದಿಲ್ಲ. ಸೇನೆಗೆ ಸೇರಿದ ಮೇಲೆ ತಾವಾಗಿ ಮುಂದೆ ಬಂದವರನ್ನು ಪ್ರೊಬೇಷನ್‌ಗೆ, ಅಂದರೆ ಆಯ್ಕೆಯ ಪರೀಕ್ಷಾ ಅವಧಿಗೆ ಹಾಕುತ್ತಾರೆ. ಅದು ತಿಂಗಳುಗಟ್ಟಲೆ ನಡೆಯುತ್ತದೆ. ಪ್ಯಾರಾಶೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ. ವಿಮಾನದಿಂದ ಜಿಗಿಯೋದನ್ನು ಕಲಿಸೋದು ಆಗ್ರಾದಲ್ಲಿ. ಅಲ್ಲಿ ಐದು ಜಿಗಿತ, ಅದರಲ್ಲಿ ಒಂದು ರಾತ್ರಿ ಹೊತ್ತು. ಹುಡುಗರು ಈ ಜಿಗಿತಕ್ಕೇ ಹೆದರುತ್ತಾರೆ. ನಿಜ ಹೇಳಬೇಕಂದರೆ ಜನರನ್ನು ಜಾಸ್ತಿ ಉದುರಿಸೋದು ಜಿಗಿತ ಅಲ್ಲ, ನಡಿಗೆ.

ನಡಿಗೆಯಲ್ಲಿ ಏನಿದೆ ಅನಿಸುತ್ತದೆ, ಅಲ್ವಾ? ಬ್ರಿಟನ್ನಿನ ಕಮಾಂಡೋ ಪಡೆ ಎಸ್‌ಎಎಸ್ ಅನ್ನೇ ನೋಡಿ. ವೇಲ್ಸ್‌ನ ಬ್ರೆಕನ್ ಬೀಕನ್ಸ್ ಗುಡ್ಡಗಳಲ್ಲಿ ಅವರ ಆಯ್ಕೆ ನಡೆಯುತ್ತದೆ. ಕೊನೆಯ ನಡಿಗೆ ಸುಮಾರು 64 ಕಿಲೋಮೀಟರ್. ಬೆನ್ನ ಮೇಲೆ 25 ಕಿಲೋ ಭಾರ, ಅದರ ಜೊತೆಗೆ ಬಂದೂಕು, ನೀರು. ಇಪ್ಪತ್ತು ಗಂಟೆಯೊಳಗೆ ಮುಗಿಸಬೇಕು. ದಾರಿ ತೋರಿಸುವವರು ಯಾರೂ ಇರಲ್ಲ. ಕೈಲಿರುವ ನಕಾಶೆ, ದಿಕ್ಸೂಚಿ ನೋಡಿಕೊಂಡು ಒಬ್ಬರೇ ಹೋಗಬೇಕು. ಅಮೆರಿಕದ ಡೆಲ್ಟಾ ಪಡೆಯಲ್ಲೂ ಹೆಚ್ಚು ಕಡಿಮೆ ಇಷ್ಟೇ ದೂರದ ನಡಿಗೆ ಇದೆ. ಆದರೆ ಎಷ್ಟು ಹೊತ್ತಿನಲ್ಲಿ ಮುಗಿಸಬೇಕು ಅಂತ ಹೇಳುವುದೇ ಇಲ್ಲ. ಚೆನ್ನಾಗಿ ಮಾಡ್ತಿದ್ದೀಯ ಅನ್ನಲ್ಲ, ಹಿಂದೆ ಬಿದ್ದೆ ಅಂತಲೂ ಅನ್ನಲ್ಲ. ಸುಮ್ನೆ ಬರೆದುಕೊಳ್ಳುತ್ತಾರೆ.

ಮನಸ್ಸಿನ ಪರೀಕ್ಷೆ ಅಂದರೆ ಇದು. ಇನ್ನು ನಾಲ್ಕು ಸುತ್ತು ಉಳಿದಿದೆ ಅಂತ ಗೊತ್ತಿದ್ದರೆ ಯಾರಾದರೂ ಹಲ್ಲು ಕಚ್ಚಿ ಓಡುತ್ತಾರೆ. ಎಷ್ಟು ಉಳಿದಿದೆ ಅಂತ ಗೊತ್ತಿಲ್ಲದಾಗ ಅದೇ ಹೆಜ್ಜೆ ಇಡೋದು ಬಹಳ ಕಷ್ಟ. ಮೈದಾನದಲ್ಲಿ ವಾಚ್ ಹಿಡಿದು ಓಡಿದವರಿಗೆ ಇದರ ಅಭ್ಯಾಸವೇ ಇರಲ್ಲ.

ನಿದ್ದೆಯದ್ದು ಇನ್ನೊಂದು ಕಥೆ. ಅಮೆರಿಕದ ನೌಕಾಪಡೆಯ ಕಮಾಂಡೋಗಳಾದ ನೇವಿ ಸೀಲ್‌ಗಳ ತರಬೇತಿಯಲ್ಲಿ ಒಂದು ವಾರವನ್ನು ನರಕದ ವಾರ ಅಂತಲೇ ಕರೆಯುತ್ತಾರೆ. ಭಾನುವಾರ ಸಂಜೆ ಶುರುವಾಗಿ ಶುಕ್ರವಾರದವರೆಗೆ ನಡೆಯುತ್ತದೆ. ಅಷ್ಟೂ ದಿನ ಸೇರಿ ಸಿಗುವ ನಿದ್ದೆ ಸುಮಾರು ನಾಲ್ಕು ಗಂಟೆ. ಮೈಯೆಲ್ಲ ಒದ್ದೆ, ತಲೆ ಮೇಲೆ ರಬ್ಬರ್ ದೋಣಿ. ಬೇಡ ಅನಿಸಿದವರು ಅಲ್ಲಿರುವ ಗಂಟೆಯನ್ನು ಮೂರು ಸಲ ಬಾರಿಸಿ ಹೊರಟುಬಿಡಬಹುದು. ಗಂಟೆ ಬಾರಿಸುವವರಲ್ಲಿ ಬಹಳಷ್ಟು ಜನ ಮೊದಲ ಎರಡು ದಿನದಲ್ಲೇ ಬಾರಿಸುತ್ತಾರೆ. ದೇಹ ಪೂರ್ತಿ ಸೋಲುವ ಮೊದಲೇ! ಮುಂದಿನ ನಾಲ್ಕು ದಿನವನ್ನು ನೆನೆದೇ ಅವರು ಕುಸಿಯುತ್ತಾರೆ. ಉಳಿದುಕೊಂಡವರು ಸಾಮಾನ್ಯವಾಗಿ ಹೇಳೋದು ಒಂದೇ: ಶುಕ್ರವಾರದ ಯೋಚನೆ ಮಾಡಲಿಲ್ಲ, ಮುಂದಿನ ಊಟದವರೆಗೆ ತಡೆದುಕೊಂಡರೆ ಸಾಕು ಅಂದುಕೊಂಡೆವು.

ಇಲ್ಲಿ ಒಂದು ಸಣ್ಣ ಸಂಗತಿ ಹೇಳಲೇಬೇಕು. ಲೋಡ್ ಹೊತ್ತು ನಡೆಯುವಾಗ ಬೂಟಿನೊಳಗೆ ಸಾಕ್ಸ್ ಮಡಚಿಕೊಳ್ಳುತ್ತದೆ. ಹಿಮ್ಮಡಿ ಹತ್ತಿರ ಚುರುಚುರು ಅನ್ನುತ್ತದೆ. ಆಗಲೇ ನಿಂತು, ಬೂಟು ಬಿಚ್ಚಿ, ಸಾಕ್ಸ್ ಎಳೆದು ಸರಿಮಾಡಿ, ಅಲ್ಲೊಂದು ಟೇಪ್ ಅಂಟಿಸಿದರೆ ಎರಡು ನಿಮಿಷದ ಕೆಲಸ. ಟೈಮ್ ಹೋಗುತ್ತೆ ಅಂತ ಹಾಗೇ ನಡೆದರೆ ಬೊಬ್ಬೆ ಏಳುತ್ತದೆ, ಒಡೆಯುತ್ತದೆ, ಚರ್ಮ ಸುಲಿಯುತ್ತದೆ. ಆ ಕಾಲು ಕುಂಟುತ್ತದೆ, ಅದರ ಭಾರ ಹೊತ್ತು ಇನ್ನೊಂದು ಮೊಣಕಾಲೂ ಹಿಡಿದುಕೊಳ್ಳುತ್ತದೆ. ಎಷ್ಟೋ ಗಟ್ಟಿಗರನ್ನು ಸಾಕ್ಸಿನ ಇಂಥ ಒಂದು ಮಡಿಕೆ ಮನೆಗೆ ಕಳಿಸುತ್ತದೆ. ಆಯ್ಕೆ ಮಾಡುವವರು ನೋಡೋದು ಇದನ್ನೇ. ಮೈಯಲ್ಲಿ ಕಸುವು ಮುಗಿದ ಮೇಲೂ ಈ ಮನುಷ್ಯ ಯೋಚಿಸುತ್ತಾನಾ? ನಕಾಶೆಯನ್ನು ಸರಿಯಾಗಿ ಓದುತ್ತಾನಾ? ತನ್ನ ಕಾಲನ್ನೂ ಪಕ್ಕದವನನ್ನೂ ನೋಡಿಕೊಳ್ಳುತ್ತಾನಾ? ಎಲ್ಲರಿಗಿಂತ ಮುಂದೆ ಓಡಿಹೋಗಿ, ಹಿಂದೆ ಬಿದ್ದವನ ಲೋಡಿಗೆ ಕೈ ಕೊಡದವನು ಅವರಿಗೆ ಬೇಡ.

ಈಗ ನಿಮ್ಮ ಮರಳಿನ ಚೀಲಕ್ಕೆ ಬರೋಣ. 2013ರ ಜುಲೈನಲ್ಲಿ ಅದೇ ಬ್ರೆಕನ್ ಬೀಕನ್ಸ್‌ನಲ್ಲಿ ಎಸ್‌ಎಎಸ್ ಮೀಸಲು ಪಡೆಯ ಆಯ್ಕೆ ನಡಿಗೆ ಇತ್ತು. ಅಲ್ಲಿನ ಲೆಕ್ಕಕ್ಕೆ ಸುಡುಬಿಸಿಲು. ಮೂವರು ಬಿಸಿಲ ಝಳಕ್ಕೆ ಸತ್ತರು. ಅವತ್ತಿನ ಉಷ್ಣಾಂಶ 30 ಡಿಗ್ರಿ ಆಸುಪಾಸು. ನಮ್ಮಲ್ಲಿ ಅದು ಚಳಿಗಾಲದ ಮಧ್ಯಾಹ್ನ! ರಾಯಚೂರು, ಬಳ್ಳಾರಿಯ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟೋದು ಮಾಮೂಲು. ಹುಟ್ಟಿದಾಗಿಂದ ಇದೇ ಬಿಸಿಲಲ್ಲಿ ಇದ್ದೀವಿ, ನಮಗೇನಾಗುತ್ತೆ ಅನ್ನಬೇಡಿ. ಹೊಲದಲ್ಲಿ ದುಡಿಯುವವರೂ ಮಧ್ಯಾಹ್ನ ಬೇವಿನ ಮರದ ನೆರಳಿಗೆ ಬರುತ್ತಾರೆ.

ಭಾರ ಹೊತ್ತು ಓಡುವಾಗ ಸ್ನಾಯುಗಳೇ ಒಲೆಯ ಹಾಗೆ ಶಾಖ ಉಗುಳುತ್ತವೆ. ಅದನ್ನು ಬೆವರು ಇಳಿಸಬೇಕು. ಬೆನ್ನಿಗೆ ಚೀಲ ಅಂಟಿಕೊಂಡಿದ್ದರೆ ಅಲ್ಲಿ ಬೆವರು ಆರುವುದೇ ಇಲ್ಲ. ದೇಹದೊಳಗಿನ ಶಾಖ 40 ಡಿಗ್ರಿ ದಾಟಿದರೆ ಮಿದುಳು, ಮೂತ್ರಪಿಂಡ, ಲಿವರ್ ಎಲ್ಲಕ್ಕೂ ಏಟು. ಇದರಲ್ಲಿ ನನಗೆ ಬಹಳ ಸಂಕಟ ಅನಿಸೋದು ಏನಂದರೆ, ಅಪಾಯ ಜಾಸ್ತಿ ಇರೋದು ಮನಸ್ಸು ಗಟ್ಟಿ ಇದ್ದವನಿಗೇ. ಅರ್ಧ ಮನಸ್ಸಿನವನು ತಲೆಸುತ್ತು ಬಂದ ಕೂಡಲೇ ಕೂತುಬಿಡುತ್ತಾನೆ. ಛಲ ಇರುವವನು ಬೀಳುವವರೆಗೂ ಓಡುತ್ತಾನೆ. ಸೇನೆಯಲ್ಲಾದರೆ ಜೊತೆಗೆ ಡಾಕ್ಟರು, ಗಾಡಿ, ವೈರ್‌ಲೆಸ್ ಇರುತ್ತವೆ. ಮಸ್ಕಿ ರಸ್ತೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಜೊತೆ ಯಾರಿದ್ದಾರೆ?

ಗೆಳೆಯರಿಗೂ ಇದನ್ನು ಹೇಳಿ. ಓಡುತ್ತಿದ್ದವನು ತೊದಲಿದರೆ, ಅಡ್ಡಾದಿಡ್ಡಿ ನಡೆದರೆ, ಏನೇನೋ ಮಾತಾಡಿದರೆ ಸುಸ್ತು ಅಂದುಕೊಳ್ಳಬೇಡಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈತುಂಬ ನೀರು ಸುರಿಯಿರಿ, ಗಾಳಿ ಹಾಕಿ. ಹತ್ತಿರ ನೀರಿನ ತೊಟ್ಟಿ ಇದ್ದರೆ ತಲೆ ಹಿಡಿದುಕೊಂಡು ಕುತ್ತಿಗೆವರೆಗೆ ಅದರೊಳಗೆ ಕೂರಿಸಿ. 108ಕ್ಕೆ ಫೋನ್ ಮಾಡಿ, ಗಾಡಿ ಬರುವವರೆಗೂ ತಣಿಸುತ್ತಲೇ ಇರಿ. ಎಚ್ಚರ ಇಲ್ಲದವನ ಬಾಯಿಗೆ ನೀರು ಹಾಕಬೇಡಿ. ವಿಪರೀತ ಕಸರತ್ತಿನ ನಂತರ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ಸ್ನಾಯು ಒಡೆದು ರಕ್ತಕ್ಕೆ ಸೇರುತ್ತಿದೆ ಅಂತ ಅರ್ಥ. ಅದಕ್ಕೂ ಆಸ್ಪತ್ರೆಯೇ ಗತಿ.

ಹಾಗಾದರೆ ಏನು ಮಾಡಬೇಕು? ಬೆಳಗಿನ ಜಾವ ಹೊರಡಿ, ಬಿಸಿಲೇರುವ ಮೊದಲು ಮುಗಿಸಿ. ಭಾರ ಹೊತ್ತು ಓಡಬೇಡಿ, ಜೋರಾಗಿ ನಡೆಯಿರಿ. ಐದಾರು ಕಿಲೋದಿಂದ ಶುರು ಮಾಡಿ, ವಾರಕ್ಕೆ ಒಂದೆರಡು ದಿನ ಸಾಕು. ಒಂದೇ ವಾರದಲ್ಲಿ ಭಾರವನ್ನೂ ದೂರವನ್ನೂ ಎರಡನ್ನೂ ಏರಿಸಬೇಡಿ. ಹತ್ತೋದಕ್ಕೆ ಅಂಜನಾದ್ರಿಯ 575 ಮೆಟ್ಟಿಲಿವೆ. ಹತ್ತುವಾಗ ದಮ್ಮು ಕಟ್ಟುತ್ತದೆ, ಇಳಿಯುವಾಗ ಮೊಣಕಾಲು ಹೋಗುತ್ತದೆ, ಅದಕ್ಕೆ ಇಳಿಯುವಾಗ ನಿಧಾನ. ಬಹಳ ಬೆವರಿದ ದಿನ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೂ ರಕ್ತದ ಉಪ್ಪು ಇಳಿದು ತೊಂದರೆ ಆಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಓಆರ್‌ಎಸ್ ಕುಡಿಯಿರಿ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ನಿದ್ದೆಗೆಡೋದನ್ನು ಮುಂಚೆಯೇ ಅಭ್ಯಾಸ ಮಾಡೋಕೆ ಆಗಲ್ಲ, ಮೈ ಕೆಡುತ್ತದೆ ಅಷ್ಟೇ. ರ‍್ಯಾಲಿ ಹತ್ತಿರ ಬಂದಾಗ ಇಂಜೆಕ್ಷನ್, ಪುಡಿ ಮಾರುವವರು ಬರುತ್ತಾರೆ, ಅವರ ಹತ್ತಿರ ಸುಳಿಯಬೇಡಿ.

ಮನಸ್ಸಿಗೆ ಅಭ್ಯಾಸ ಬೇಕು ಅಂದರೆ ಹೀಗೆ ಮಾಡಿ. ವಾಚ್ ಮನೆಯಲ್ಲೇ ಬಿಡಿ. ಎಷ್ಟು ದೂರ ಅಂತ ಗೆಳೆಯನೊಬ್ಬನಿಗೆ ಮಾತ್ರ ಗೊತ್ತಿರಲಿ. ಅವನು ಸಾಕು ಅನ್ನುವವರೆಗೆ ತಂಪು ಹೊತ್ತಿನಲ್ಲಿ ನಡೆಯಿರಿ. ಮುಗಿದ ಕೂಡಲೇ ಕೂತು, ಹೊರಡುವ ಮುಂಚೆ ನೋಡಿದ್ದ ಹತ್ತು ಸಾಮಾನಿನ ಹೆಸರು ಬರೆಯಿರಿ. ಎಷ್ಟು ಮರೆತಿರಿ ಅಂತ ನಿಮಗೇ ಆಶ್ಚರ್ಯ ಆಗುತ್ತದೆ.

ಜೊತೆಗೆ ಈಜೂ ಕಲಿಯಬೇಕು ಅನಿಸಿದರೆ ಒಳ್ಳೆಯದೇ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಬೇಡವೇ ಬೇಡ. ಅಲ್ಲಿ ಸೆಳೆತ ಜಾಸ್ತಿ, ಇಳಿಜಾರು ಗೋಡೆಗೆ ಕೈ ಹತ್ತಲ್ಲ. ಕಲಿಸುವವರಿರುವ ಈಜುಕೊಳಕ್ಕೇ ಹೋಗಿ.

ಕೊನೆಗೆ, ಮೊಣಕಾಲ ಕೆಳಗಿನ ಎಲುಬಿನಲ್ಲಿ ಬೆರಳಿಟ್ಟು ತೋರಿಸುವ ಹಾಗೆ ಒಂದೇ ಜಾಗದಲ್ಲಿ ನೋವಿದ್ದರೆ ಸ್ಪ್ರೇ ಹೊಡೆದು ಓಡಬೇಡಿ. ಅದು ಎಲುಬಿನ ಸಣ್ಣ ಬಿರುಕು ಇರಬಹುದು. ಎಲುಬಿನ ಡಾಕ್ಟರಿಗೆ ತೋರಿಸಿ, ಅವರು ಹೇಳಿದಷ್ಟು ವಾರ ಓಟ ಬಿಡಿ. ಈಗಲೇ ಬಿಟ್ಟರೆ ರ‍್ಯಾಲಿ ಹೊತ್ತಿಗೆ ಕಾಲು ಸರಿಹೋಗಬಹುದು.