ಕವಿತೆ ಬರೆದೇ ಬದುಕಬಹುದಾ?

ಪ್ರಶ್ನೆ: ಎರಡು ಸಂಕಲನ ಬಂದಿವೆ, ಕವಿಗೋಷ್ಠಿಗಳಿಗೆ ಕರೆಯುತ್ತಾರೆ. ಈಗ ಒಬ್ಬ ಸಂಗೀತ ನಿರ್ದೇಶಕರು ಸಿನಿಮಾಕ್ಕೆ ಹಾಡು ಬರೆದುಕೊಡಿ ಎಂದಿದ್ದಾರೆ. ಕಾಲೇಜಿನ ಕೆಲಸ ಬಿಟ್ಟು ಬರವಣಿಗೆಯಲ್ಲೇ ಬದುಕಬಹುದಾ?

ಸದ್ಯಕ್ಕಂತೂ ಕೆಲಸ ಬಿಡಬೇಡಿ. ಕನ್ನಡದ ಹೆಸರಾಂತ ಕವಿಗಳಲ್ಲಿ ಹೆಚ್ಚಿನವರು ಬೇರೊಂದು ಸಂಬಳ ನಂಬಿಕೊಂಡೇ ಬರೆದವರು. ನಿಸಾರ್ ಅಹಮದ್ ಭೂವಿಜ್ಞಾನದ ಮೇಷ್ಟ್ರು, ಅಡಿಗರು ಇಂಗ್ಲಿಷ್ ಮೇಷ್ಟ್ರು. ಕಂಬಾರರು ಕಾವ್ಯ, ನಾಟಕ, ಕಾದಂಬರಿ, ಸಿನಿಮಾ ನಿರ್ದೇಶನ ಎಲ್ಲಕ್ಕೂ ಕೈಹಾಕಿದರೂ ಪಾಠ ಹೇಳುವುದು ಬಿಡಲಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಆದರು. ಜಯಂತ ಕಾಯ್ಕಿಣಿ ಜೀವರಸಾಯನ ಓದಿ ಮುಂಬೈಯ ಔಷಧ ಕಂಪನಿಯಲ್ಲಿ ದುಡಿದವರು. 2006ರಲ್ಲಿ ಅವರ ಸಿನಿಮಾ ಹಾಡು ಮನೆಮಾತಾಗುವ ಹೊತ್ತಿಗೆ ಅವರು ಕವಿತೆ, ಕತೆ ಬರೆಯಲು ಶುರುಮಾಡಿ ಮೂರು ದಶಕ ಕಳೆದಿತ್ತು.

ಪುಸ್ತಕದ ಲೆಕ್ಕ ಚಿಕ್ಕದು. 500 ಪ್ರತಿ, ಬೆಲೆ 120 ರೂಪಾಯಿ, ಗೌರವಧನ ಶೇ. 10 ಎಂದಿಟ್ಟುಕೊಳ್ಳಿ. ಒಂದೂ ಉಳಿಯದಂತೆ ಮಾರಿದರೆ ನಿಮಗೆ 6,000 ರೂಪಾಯಿ. ಎಷ್ಟೋ ಸಲ ಅದೂ ಪ್ರತಿಗಳ ರೂಪದಲ್ಲೇ ಬರುತ್ತದೆ. ಹಾಗಾಗಿ ಸಂಕಲನದಲ್ಲಿ ದುಡ್ಡಿಗಿಂತ ಮೊದಲು ನೋಡಬೇಕಾದದ್ದು ಒಳಪುಟದ ‘ಹಕ್ಕುಗಳು: ಲೇಖಕರವು’ ಎಂಬ ಸಾಲು. ನಾಳೆ ಆ ಕವಿತೆಯನ್ನು ಪಠ್ಯಕ್ಕೋ ಆಲ್ಬಮ್ಮಿಗೋ ಸಿನಿಮಾಕ್ಕೋ ಕೇಳಿದಾಗ ಉತ್ತರ ಕೊಡುವವರು ನೀವಾಗಿರಬೇಕು.

ಕವಿಗೋಷ್ಠಿಯಲ್ಲಿ ಹಾರ, ಶಾಲು, ಹಣ್ಣಿನ ಬುಟ್ಟಿ ವೇದಿಕೆ ಮೇಲೆ ಅಲ್ಲಿಂದಲ್ಲೇ ಸಿಗುತ್ತದೆ, ಸಂಭಾವನೆ ಮಾತ್ರ ತಿಂಗಳ ಮೇಲೆ. ಸರ್ಕಾರಿ ಕಾರ್ಯಕ್ರಮವಾದರೆ ಪ್ಯಾನ್, ಪಾಸ್‌ಬುಕ್‌ನ ಮೊದಲ ಪುಟದ ಜೆರಾಕ್ಸ್, ಬಸ್ಸಿನ ಟಿಕೆಟ್ ಅದೇ ದಿನ ಕೊಟ್ಟು ಬನ್ನಿ. 5,000 ರೂಪಾಯಿ ದಾಟಿದ ರಶೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಬೇಕು, ಪರ್ಸಿನಲ್ಲಿ ನಾಲ್ಕಿರಲಿ. ಇಪ್ಪತ್ತೈದು ಕವಿಗಳಿದ್ದರೆ ಒಬ್ಬೊಬ್ಬರಿಗೆ ಮೂರು ನಿಮಿಷ. 24 ಸಾಲಿನ ಕವಿತೆಯನ್ನು ನಿಧಾನಕ್ಕೆ ಓದಿದರೆ ಎರಡು ನಿಮಿಷ. ಸಮಯ ಮೀರುವುದು ಕವಿತೆಯ ಉದ್ದದಿಂದಲ್ಲ, ಅದಕ್ಕೆ ಮುಂಚಿನ ಪೀಠಿಕೆಯಿಂದ ಮತ್ತು ಪ್ರತಿ ಸಾಲನ್ನೂ ಎರಡೆರಡು ಸಲ ಓದುವ ಚಟದಿಂದ.

ಇನ್ನು ಹಾಡು. ಈಗ ಬಹುತೇಕ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ವಾಟ್ಸಾಪ್‌ನಲ್ಲಿ ಒಂದು ಆಡಿಯೋ ಬರುತ್ತದೆ. ಅದರಲ್ಲಿ ‘ನನನ ಲಲಲಾ’ ಇರುತ್ತದೆ, ಇಲ್ಲವೇ ಅರ್ಥವಿಲ್ಲದ ಡಮ್ಮಿ ಪದಗಳು. ಅದನ್ನು ಹತ್ತಿಪ್ಪತ್ತು ಸಲ ಕೇಳಿ, ಲಘು ಗುರು ಹಾಕಿಕೊಳ್ಳಿ. ಶಾಲೆಯಲ್ಲಿ ಕಲಿತ ಛಂದಸ್ಸು ಅನ್ನಕ್ಕೆ ಬರುವ ಜಾಗ ಇದೊಂದೇ ಇರಬೇಕು. ಟ್ಯೂನ್ ‘ತನನ ತನನ ತಾನಾ’ ಅಂದರೆ 3+3+4 ಮಾತ್ರೆ. ‘ಕಿಟಕಿ ತೆರೆದ ಸಂಜೆ’ ಅಲ್ಲಿ ಸರಾಗ ಕೂರುತ್ತದೆ. ಕೊನೆಯ ‘ಜೆ’ ಎಳೆದರೂ ಅರ್ಥ ಕೆಡುವುದಿಲ್ಲ. ಅದೇ ‘ಕಿಟಕಿ ತೆರೆದ ಹೊತ್ತು’ ಎಂದು ಬರೆಯಿರಿ: ಗಾಯಕರು ಎಳೆದಾಗ ‘ಹೊತ್ತೂ’ ಆಗಿ, ಕಿಟಕಿಯ ಜೊತೆ ಇನ್ನೇನೋ ತೆರೆದ ಹಾಗೆ ಕೇಳಿಸುತ್ತದೆ. ಕನ್ನಡದಲ್ಲಿ ಉಕಾರ ಎಳೆದರೆ ‘ಸಹ’ ಎಂಬ ಅರ್ಥ ಬರುತ್ತದೆ, ‘ಅವನು’ ಎಂಬುದು ‘ಅವನೂ’ ಆಗುತ್ತದೆ. ಅಕಾರ ಎಳೆದರೆ ಪ್ರಶ್ನೆ: ‘ಅವಳ’ ಹೋಗಿ ‘ಅವಳಾ?’ ಆದರೆ ಪ್ರೇಮಗೀತೆಗೆ ಅನುಮಾನ ಹೊಕ್ಕಂತೆ. ತನನ ಇರುವಲ್ಲಿ ‘ಕತ್ತಲೆ’ ತುರುಕಿದರೆ ಒತ್ತು ನುಂಗಿಹೋಗಿ ‘ಕತಲೆ’ ಉಳಿಯುತ್ತದೆ. ಗಾಯಕರು ಕನ್ನಡದವರಲ್ಲದಿದ್ದರೆ ‘ಳ’, ‘ಲ’ ಅದಲುಬದಲಾಗುವುದು ಸಾಮಾನ್ಯ. ರೆಕಾರ್ಡಿಂಗ್ ದಿನ ಸ್ಟುಡಿಯೋದಲ್ಲಿರಿ. ಆಗದಿದ್ದರೆ ನೀವೇ ನಿಧಾನವಾಗಿ ಓದಿದ ಧ್ವನಿಮುದ್ರಿಕೆ ಕಳಿಸಿ. ಪಲ್ಲವಿಗೆ ಮೂರು ಆಯ್ಕೆ ಕೊಡಿ, ಚರಣಕ್ಕೆ ಒಂದೇ ಸಾಕು. ಏಳೆಂಟು ಪಲ್ಲವಿ ಕೊಟ್ಟರೆ ನಿರ್ದೇಶಕರು ಮೂರನ್ನು ಕಲಸಿ ನಾಲ್ಕನೆಯದು ಕೇಳುತ್ತಾರೆ.

ಹಣದಲ್ಲಿ ಅರ್ಧವನ್ನು ಟ್ಯೂನ್ ಒಪ್ಪಿಕೊಂಡಾಗಲೇ ಕೇಳಿ, ಉಳಿದರ್ಧ ರೆಕಾರ್ಡಿಂಗ್‌ಗೆ ಮುಂಚೆ. ಹಾಡಿದ ಮೇಲೆ ನಿಮ್ಮ ಕೈಯಲ್ಲಿ ಹಿಡಿತವಿಲ್ಲ, ಚಿತ್ರ ಡಬ್ಬಾದಲ್ಲೇ ಕೂತರೆ ಕೇಳಲು ಮುಖವೂ ಇರುವುದಿಲ್ಲ. ಒಪ್ಪಂದದಲ್ಲಿ ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ ನಿರ್ಮಾಪಕರಿಗೆ’ ಎಂದಿದ್ದರೂ ಒಂದು ಹಕ್ಕು ಹೋಗುವುದಿಲ್ಲ. ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಪ್ರಕಾರ, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಹಾಡು ಬಂದರೆ ರಾಯಲ್ಟಿ ಇಲ್ಲ. ಬೇರೆ ಬಗೆಯ ಬಳಕೆಗೆ ಬರೆದವರಿಗೆ ಸಮಪಾಲು ಸಲ್ಲಬೇಕು. ಈ ಪಾಲನ್ನು ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸೊಸೈಟಿಗೆ ಬಿಟ್ಟು ಬೇರೆ ಯಾರಿಗೂ ಬರೆದುಕೊಡಲು ಬರುವುದಿಲ್ಲ, ಬರೆದುಕೊಟ್ಟರೂ ಊರ್ಜಿತವಲ್ಲ. ಆದರೆ ಹಣ ತಾನಾಗಿ ಮನೆಗೆ ಬರುವುದಿಲ್ಲ. 1969ರಲ್ಲಿ ಹುಟ್ಟಿದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯ ಸದಸ್ಯರಾಗಿ, ಹಾಡು ಹಾಡಿಗೂ ನೋಂದಣಿ ಮಾಡಿಸಬೇಕು. ಒಂದರಲ್ಲಿ ಇನಿಷಿಯಲ್ ಸಹಿತ, ಇನ್ನೊಂದರಲ್ಲಿ ಕಾವ್ಯನಾಮ ಬಳಸಿದರೆ ಲೆಕ್ಕ ಕೂಡುವುದಿಲ್ಲ.

ನಿಮ್ಮ ಹಳೆಯ ಕವಿತೆಯನ್ನೇ ಚಿತ್ರಕ್ಕೆ ಕೇಳಿದರೆ ಕವಿತೆಯ ಹಕ್ಕನ್ನು ಬರೆದುಕೊಡಬೇಡಿ, ಆ ಒಂದು ಚಿತ್ರದಲ್ಲಿ ಬಳಸಲು ಅನುಮತಿ ಮಾತ್ರ ಕೊಡಿ. ಹಕ್ಕನ್ನೇ ಬರೆದುಕೊಡುವ ಪತ್ರದಲ್ಲಿ ಅವಧಿ ಹಾಕದಿದ್ದರೆ ಕಾನೂನು ಐದು ವರ್ಷ ಎಂದು ಹಿಡಿಯುತ್ತದೆ. ಹಾಕುವುದೇ ಲೇಸು.

ಕತೆ, ಕಾದಂಬರಿ ನಿಧಾನದ ದಾರಿ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗೆ ಹಬ್ಬಕ್ಕೆ ಎರಡು ಮೂರು ತಿಂಗಳ ಮೊದಲೇ ಕಳಿಸಬೇಕು. ಫೇಸ್‌ಬುಕ್‌ನಲ್ಲಿ ಹಾಕಿದ್ದನ್ನೂ ಪ್ರಕಟಿತ ಎಂದೇ ಎಣಿಸುವವರುಂಟು. ಕವಿ ಬರೆದ ಗದ್ಯದಲ್ಲಿ ಸಾಮಾನ್ಯ ದೋಷವೆಂದರೆ ಪ್ರತಿ ವಾಕ್ಯವೂ ಅಲಂಕಾರ ತೊಟ್ಟು ನಿಲ್ಲುವುದು. ಪಾತ್ರ ಬಾಗಿಲು ತೆರೆದು ಒಳಗೆ ಬರಲು ಅರ್ಧ ಪುಟ ಹಿಡಿಯುತ್ತದೆ. ಸಿನಿಮಾ ಸಂಭಾಷಣೆಗೆ ಹಾಡಿಗಿಂತ ಹೆಚ್ಚು ಹಣ ಸಿಗಬಹುದು, ಆದರೆ ತಿಂಗಳುಗಟ್ಟಲೆ ಕಾಲ ಅದಕ್ಕೇ ಹೋಗುತ್ತದೆ. ಕಾಲೇಜಿನ ಬೇಸಿಗೆ ರಜೆಗೆ ಹೊಂದದಿದ್ದರೆ ಬಿಡಿ. ಸರ್ಕಾರಿ ಕಾಲೇಜಾದರೆ ಇಂಥ ಸಂಭಾವನೆಯ ಕೆಲಸಕ್ಕೆ ಪ್ರಾಂಶುಪಾಲರ ಮೂಲಕ ಅನುಮತಿ ಕೇಳಿದ ಪತ್ರ ಕಡತದಲ್ಲಿರಲಿ.

ಹಾಡು ಯೂಟ್ಯೂಬ್‌ಗೆ ಬಂದ ದಿನ ಮೊದಲು ಕೇಳಬೇಡಿ, ವಿಡಿಯೋದ ಕೆಳಗಿನ ವಿವರ ಓದಿ. ‘ಸಾಹಿತ್ಯ’ ಎಂಬಲ್ಲಿ ನಿಮ್ಮ ಹೆಸರಿಲ್ಲದಿದ್ದರೆ, ಅಥವಾ ಕಾಗುಣಿತ ತಪ್ಪಿದ್ದರೆ, ಆಡಿಯೋ ಕಂಪನಿಗೆ ಅವತ್ತೇ ಇಮೇಲ್ ಹಾಕಿ. ವಾರ ಕಳೆದರೆ ಆ ತಪ್ಪು ಹತ್ತಾರು ಕಡೆ ನಕಲಾಗಿರುತ್ತದೆ.