ಬಿದ್ದ ಸೇತುವೆಯ ಮೇಲೆ ಬಸ್ಸು: ಕನಸಿನೊಳಗಿನ ಎಚ್ಚರಕ್ಕೆ ಧ್ಯಾನದ ದಾರಿ

ಕಾರವಾರ ಮತ್ತು ಸದಾಶಿವಗಡವನ್ನು ಬೆಸೆದಿದ್ದ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿದು ಬಿತ್ತು. ಅದಾಗಿ ಕೆಲವು ತಿಂಗಳಿಗೆ ನಾನು ಅದೇ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಿಟಕಿಯ ಪಕ್ಕದ ಸೀಟು, ಕೆಳಗೆ ಹೊಳೆ, ಆಚೆ ದಡದ ಗುಡ್ಡ. ‘ಈ ಸೇತುವೆ ಬಿದ್ದುಹೋಗಿದೆಯಲ್ಲ’ ಎಂದು ಥಟ್ಟನೆ ಹೊಳೆಯಿತು. ಹಾಗಾದರೆ ಇದು ಕನಸು! ಗೊತ್ತಾದ ಸಂಭ್ರಮಕ್ಕೇ ಎಚ್ಚರವಾಯಿತು. ಸಿಕ್ಕಿದ್ದು ಎರಡೋ ಮೂರೋ ಕ್ಷಣ.

ಕನಸು ಕಾಣುತ್ತಿರುವಾಗಲೇ ‘ಇದು ಕನಸು’ ಎಂಬ ತಿಳಿವು ಮೂಡುವುದಕ್ಕೆ ಲೂಸಿಡ್ ಡ್ರೀಮ್ ಎಂಬ ಹೆಸರು ಈಗ ಬಳಕೆಯಲ್ಲಿದೆ. ಇಲ್ಲಿ ಅರಿವಿನ ಕನಸು ಎನ್ನೋಣ. ಇದೇನೂ ಸಿದ್ಧಪುರುಷರ ಸೊತ್ತಲ್ಲ. ಅರ್ಧ ಶತಮಾನದ ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಸುಮಾರು ಶೇ 55ರಷ್ಟು ಜನರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಆಗಿರುತ್ತದೆ ಎಂದು ಕಂಡುಬಂತು. ತಿಂಗಳಿಗೊಮ್ಮೆಯಾದರೂ ಆಗುವವರು ಶೇ 23. ಗೋಜಲಾಗಿರುವುದು ಇದನ್ನು ಬೇಕೆಂದಾಗ ತರಿಸಿಕೊಳ್ಳುವ ಮಾತು. ಗೋಕರ್ಣದ ಕುಡ್ಲೆ ತೀರಕ್ಕೆ ಇಳಿಯುವ ದಾರಿಯಲ್ಲಿ ಯೋಗ, ಉಸಿರಾಟ, ಮೌನ ಶಿಬಿರಗಳ ಭಿತ್ತಿಪತ್ರಗಳ ನಡುವೆ ಈಗ ಕನಸಿಗೂ ಜಾಗ ಸಿಕ್ಕಿದೆ. ಶಿರಸಿಯ ಹಿರಿಯರನ್ನು ಕೇಳಿದರೆ, ‘ಅದು ಮಾಂಡೂಕ್ಯದಲ್ಲೇ ಇದೆ’ ಎನ್ನುತ್ತಾರೆ. ಕಾಲೇಜು ಹುಡುಗರು ಮೊಬೈಲಿನಲ್ಲಿ ಕಂಡ ಏಳು ದಿನಗಳ ಉಪಾಯ ಹೇಳುತ್ತಾರೆ. ಮೂವರೂ ಒಂದೇ ವಿಷಯ ಮಾತಾಡುತ್ತಿದ್ದೇವೆ ಎಂದುಕೊಂಡಿದ್ದಾರೆ.

ಮಾಂಡೂಕ್ಯ ಉಪನಿಷತ್ತಿನ 12 ಮಂತ್ರಗಳಲ್ಲಿ ಜಾಗ್ರತ್ (ಎಚ್ಚರ), ಸ್ವಪ್ನ, ಸುಷುಪ್ತಿ (ಗಾಢ ನಿದ್ದೆ), ಇವು ಮೂರನ್ನೂ ಮೀರಿದ ತುರೀಯಗಳು ಬರುವುದು ನಿಜ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಜನಕನಿಗೆ, ಕನಸಿನಲ್ಲಿ ರಥವಿಲ್ಲ, ಕುದುರೆಯಿಲ್ಲ, ದಾರಿಯಿಲ್ಲ, ಎಲ್ಲವನ್ನೂ ಕಾಣುವವನೇ ನಿರ್ಮಿಸಿಕೊಳ್ಳುತ್ತಾನೆ ಎನ್ನುತ್ತಾನೆ. ಪತಂಜಲಿಯ ಯೋಗಸೂತ್ರವೂ ಸ್ವಪ್ನ ಮತ್ತು ನಿದ್ರೆಯ ಜ್ಞಾನವನ್ನು ಚಿತ್ತ ನಿಲ್ಲಿಸಲು ಆಧಾರವಾಗಿ ಹಿಡಿಯಬಹುದು ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತದೆ. ಆದರೆ ಇವರು ಯಾರೂ ಕನಸಿನಲ್ಲಿ ಹಾರಾಡಲು ಕಲಿಸುತ್ತಿರಲಿಲ್ಲ.

ಕನಸಿನ ಬಗ್ಗೆ ನಮ್ಮ ಹಿಂದಿನವರಲ್ಲಿ ಒಮ್ಮತವೂ ಇರಲಿಲ್ಲ. ಅದನ್ನು ನೋಡಲು ಶಿರಸಿಯಿಂದ ಸೋಂದಾಕ್ಕೆ ಹೋದರೆ ಸಾಕು. ಅಲ್ಲಿ ಅದ್ವೈತದ ಸ್ವರ್ಣವಲ್ಲೀ ಮಠವಿದೆ, ದ್ವೈತದ ವಾದಿರಾಜ ಮಠವೂ ಇದೆ. ಮಾಂಡೂಕ್ಯಕ್ಕೆ ಗೌಡಪಾದರು ಬರೆದ ಪದ್ಯವಿವರಣೆಯಾದ ಕಾರಿಕೆಯನ್ನು ಒಪ್ಪುವ ಅದ್ವೈತಿಗಳಿಗೆ ಕನಸು ಮಿಥ್ಯೆಗೆ ಮೊದಲ ದೃಷ್ಟಾಂತ, ಎಚ್ಚರದ ಲೋಕವೂ ಹಾಗೆಯೇ ಎಂದು ತೋರಿಸುವ ಕೈದೀಪ. ಮಧ್ವ ಸಿದ್ಧಾಂತಕ್ಕೆ ಕನಸಿನ ವಸ್ತುಗಳೂ ಸತ್ಯವೇ: ಜೀವಾತ್ಮನ ಮನಸ್ಸಿನಲ್ಲಿ ಉಳಿದ ಅನುಭವಗಳ ಅಚ್ಚಿನಿಂದ, ಅಂದರೆ ವಾಸನೆಗಳಿಂದ, ಈಶ್ವರನೇ ಅವುಗಳನ್ನು ನಿರ್ಮಿಸುತ್ತಾನೆ. 1600ರಲ್ಲಿ ಸೋಂದಾದಲ್ಲಿ ವೃಂದಾವನ ಪ್ರವೇಶಿಸಿದ ವಾದಿರಾಜರು ಭಕ್ತರೊಬ್ಬರಿಗೆ ಕನಸಿನಲ್ಲಿ ನುಡಿದದ್ದೆಂದು ನಂಬಲಾಗುವ ‘ಸ್ವಪ್ನ ವೃಂದಾವನಾಖ್ಯಾನ’ ಆ ಪರಂಪರೆಯಲ್ಲಿ ಪೂಜ್ಯ ಗ್ರಂಥ. ‘ಇದು ಬರೀ ಕನಸು’ ಎಂಬ ತಿಳಿವು ಒಂದು ಮಠದ ಅಂಗಳದಲ್ಲಿ ಜ್ಞಾನದ ಬಾಗಿಲು. ಇನ್ನೊಂದರಲ್ಲಿ ಆ ‘ಬರೀ’ ಎಂಬ ಪದವೇ ತಪ್ಪು.

ಕನಸನ್ನೇ ಸಾಧನೆಯ ಗದ್ದೆ ಮಾಡಿಕೊಂಡವರು ಟಿಬೆಟಿನವರು. ಬೌದ್ಧ ಸಿದ್ಧ ನಾರೋಪನ ಆರು ಯೋಗಗಳು 11ನೇ ಶತಮಾನದಲ್ಲಿ ಭಾರತದಿಂದಲೇ ಅತ್ತ ಹೋದವು. ಅವುಗಳಲ್ಲಿ ಒಂದು ಮಿಲಂ, ಅಂದರೆ ಕನಸಿನ ಯೋಗ. ಹಗಲಿಡೀ ಕಂಡದ್ದನ್ನೆಲ್ಲ ಕನಸೆಂದು ಭಾವಿಸುವುದು, ರಾತ್ರಿ ಬಲಮಗ್ಗುಲಾಗಿ ಮಲಗಿ ಕಂಠದಲ್ಲಿ ಬೀಜಾಕ್ಷರವನ್ನು ಧ್ಯಾನಿಸುವುದು, ಕನಸನ್ನು ಗುರುತಿಸಿದ ಮೇಲೆ ಅಲ್ಲಿನ ವಸ್ತುಗಳನ್ನು ಹಿಗ್ಗಿಸಿ ಕುಗ್ಗಿಸಿ ಅವು ಪೊಳ್ಳೆಂದು ಅರಿಯುವುದು. ಇದೆಲ್ಲ ಸಾವಿನ ಹೊತ್ತಿಗೆ ಎಚ್ಚರ ತಪ್ಪದಿರಲೆಂಬ ತಯಾರಿ. ಗೆಲುಗ್ ಪರಂಪರೆಯ ತ್ಸೊಂಗ್‌ಖಾಪಾ ಇದಕ್ಕೆ ವ್ಯಾಖ್ಯಾನ ಬರೆದರು. ಅದೇ ಪರಂಪರೆಯ ಡ್ರೆಪುಂಗ್, ಗಾಂಡೆನ್ ವಿಹಾರಗಳು ಇಂದು ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿವೆ. ಅಲ್ಲಿ ಟಿಬೆಟನ್ ನಿರಾಶ್ರಿತರ ನೆಲೆ ಶುರುವಾದದ್ದು 1966ರಲ್ಲಿ. ಗುರುವಿಲ್ಲದೆ, ಪೂರ್ವಸಿದ್ಧತೆಯಿಲ್ಲದೆ ಈ ಯೋಗವನ್ನು ಕಲಿಸುವ ಪದ್ಧತಿ ಆ ಸಂಪ್ರದಾಯದಲ್ಲಿಲ್ಲ. ಭಿತ್ತಿಪತ್ರಗಳಲ್ಲಿ ಈ ಮಾತು ಕಾಣುವುದಿಲ್ಲ.

ಯುರೋಪಿನಲ್ಲಿ ಇದು ಮೊದಲು ಡೈರಿಯ ವಿಷಯವಾಗಿತ್ತು. ಫ್ರಾನ್ಸಿನ ಎರ್ವೆ ದ ಸಾಂ-ದನಿ 1867ರಲ್ಲಿ ತನ್ನ ಕನಸುಗಳ ಪುಸ್ತಕ ತಂದ. ಡಚ್ ವೈದ್ಯ ಫ್ರೆಡೆರಿಕ್ ವಾನ್ ಏಡೆನ್ 1913ರಲ್ಲಿ ಲೂಸಿಡ್ ಎಂಬ ಹೆಸರನ್ನು ಬಳಕೆಗೆ ತಂದ. ಹೆಚ್ಚಿನ ವಿಜ್ಞಾನಿಗಳು ನಂಬಲಿಲ್ಲ. ನಿದ್ದೆಯೆಂದರೆ ಪ್ರಜ್ಞೆಯಿಲ್ಲದ ಸ್ಥಿತಿ, ಅದರೊಳಗೆ ಅರಿವು ಎಲ್ಲಿಂದ? ಅರೆ ಎಚ್ಚರದಲ್ಲಿ ಕಂಡದ್ದನ್ನು ಕನಸೆನ್ನುತ್ತಿರಬೇಕು ಎಂದರು.

ಬೀಗ ತೆರೆದದ್ದು ಕಣ್ಣು. 1953ರಲ್ಲಿ ಷಿಕಾಗೋದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್, ಮಲಗಿದವರ ಕಣ್ಣಾಲಿಗಳು ರೆಪ್ಪೆಯ ಕೆಳಗೆ ಆಗಾಗ ಚುರುಕಾಗಿ ಓಡಾಡುವುದನ್ನು ಗುರುತಿಸಿದ್ದರು. ಅದೇ ರೆಮ್ ನಿದ್ರೆ, ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವ ಹೊತ್ತು. ಆ ಹೊತ್ತಿನಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲಬಿದ್ದು ಅಲುಗುವುದಿಲ್ಲ, ಕಣ್ಣುಗಳಿಗೆ ಮಾತ್ರ ವಿನಾಯಿತಿ. ಹಾಗಿದ್ದರೆ ಕನಸು ಕಾಣುವವನು ಒಳಗಿನಿಂದ ಕಣ್ಣಿನಲ್ಲೇ ಸನ್ನೆ ಮಾಡಬಹುದಲ್ಲ? ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕೀತ್ ಹರ್ನ್ ಇದನ್ನೇ ಹಿಡಿದ. ಅರಿವಿನ ಕನಸು ರೂಢಿಯಿದ್ದ ಆಲನ್ ವರ್ಸ್ಲಿ 1975ರ ಏಪ್ರಿಲ್ 12ರ ಬೆಳಗ್ಗೆ, ಮೊದಲೇ ಮಾತಾಡಿಕೊಂಡಂತೆ ಕನಸಿನೊಳಗಿನಿಂದ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿದ. ಯಂತ್ರದ ಕಾಗದದ ಮೇಲೆ ಗೆರೆಗಳು ಕ್ರಮವಾಗಿ ಎದ್ದವು. ಅಟ್ಟದ ಮೇಲಿಂದ ಹಗ್ಗ ಜಗ್ಗಿ ಕೆಳಗಿನವರಿಗೆ ‘ಇದ್ದೇನೆ’ ಎಂದಂತೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಅದೇ ಉಪಾಯ ಹೂಡಿದ. ದೊಡ್ಡ ಪತ್ರಿಕೆಗಳು ಅವನ ಪ್ರಬಂಧವನ್ನು ಹಿಂದಿರುಗಿಸಿದವು, 1981ರಲ್ಲಿ ಸಣ್ಣ ಪತ್ರಿಕೆಯೊಂದು ಅಚ್ಚು ಹಾಕಿತು. 2021ರ ಹೊತ್ತಿಗೆ ನಾಲ್ಕು ದೇಶಗಳ ಪ್ರಯೋಗಾಲಯಗಳು ಮಲಗಿದವರನ್ನು ಕನಸಿನೊಳಗೇ ಮಾತನಾಡಿಸಿದವು. ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದರೆ ನಿದ್ದೆಯಲ್ಲಿದ್ದವನು ಕಣ್ಣನ್ನು ಎರಡು ಸಲ ಹೊರಳಿಸಿದ. ಕೇಳಿದ ಹೆಚ್ಚಿನ ಪ್ರಶ್ನೆಗಳಿಗೆ ಉತ್ತರ ಬರಲಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಧ್ಯಾನ ಈ ಕಥೆಯೊಳಗೆ ಬಂದದ್ದು ಪಕ್ಕದ ಬಾಗಿಲಿನಿಂದ. ಧ್ಯಾನ ಮಾಡುವವರಿಗೆ ಅರಿವಿನ ಕನಸು ಹೆಚ್ಚು ಎಂಬ ಸೂಚನೆ 1970ರ ದಶಕದ ಕೊನೆಯಿಂದಲೇ ಇತ್ತು. ಕಾರಣ ಊಹಿಸುವುದು ಕಷ್ಟವಲ್ಲ. ‘ಮನಸ್ಸು ಎಲ್ಲಿಗೋ ಹೋಗಿದೆ’ ಎಂದು ದಿನಕ್ಕೆ ನೂರು ಸಲ ಗಮನಿಸಿ ಉಸಿರಿಗೆ ಮರಳುವವನಿಗೆ, ಗಮನಿಸುವ ಆ ಚಾಳಿ ರಾತ್ರಿಯೂ ಅಂಟಿಕೊಳ್ಳುತ್ತದೆ. ಆದರೆ 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಈ ಸರಳ ಲೆಕ್ಕಕ್ಕೆ ಕೊಕ್ಕೆ ಹಾಕಿತು. ಬಹುಕಾಲ ಧ್ಯಾನ ಮಾಡಿದವರಲ್ಲಿ ಅರಿವಿನ ಕನಸು ಹೆಚ್ಚೇ ಇತ್ತು. ಹೊಸಬರಿಗೆ ಎಂಟು ವಾರ ಧ್ಯಾನ ಕಲಿಸಿ ನೋಡಿದರೆ ಹೆಚ್ಚಲಿಲ್ಲ. ಧ್ಯಾನದಿಂದ ಕನಸಿಗೆ ಅರಿವು ಬರುತ್ತದೋ, ಅಂಥ ಸ್ವಭಾವದವರೇ ಧ್ಯಾನದಲ್ಲಿ ಬಹುಕಾಲ ಉಳಿಯುತ್ತಾರೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಎಂಟು ವಾರಕ್ಕೆ ಆಗದ್ದು ಕಡಲತೀರದ ಹತ್ತು ದಿನಗಳ ಶಿಬಿರದಲ್ಲಿ ಹೇಗೆ ಆಗುತ್ತದೆ ಎಂದು ದುಡ್ಡು ಕಟ್ಟುವ ಮೊದಲು ಕೇಳಿದರೆ ತಪ್ಪಿಲ್ಲ.

ಕೈಗೆಟಕುವ ಉಪಾಯ ಇರುವುದು ಗಡಿಯಾರದಲ್ಲಿ. ರೆಮ್ ನಿದ್ರೆ ಬೆಳಗಿನ ಜಾವ ಉದ್ದವಾಗುತ್ತದೆ. ಆದ್ದರಿಂದ ಐದು ಗಂಟೆ ಮಲಗಿ, ಎದ್ದು, ‘ಮುಂದಿನ ಕನಸನ್ನು ಕನಸೆಂದು ಗುರುತಿಸುತ್ತೇನೆ’ ಎಂದು ಮನಸ್ಸಿಗೆ ಹೇಳಿಕೊಂಡು ಮತ್ತೆ ಮಲಗುವುದು. ಹಗಲಿನಲ್ಲಿ ‘ಇದು ಕನಸೇ?’ ಎಂದು ಪರೀಕ್ಷಿಸುವುದನ್ನೂ ಸೇರಿಸಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ 2017ರಲ್ಲಿ ಒಂದು ವಾರ ಮಾಡಿಸಿದಾಗ, ಪ್ರಯತ್ನಿಸಿದ ರಾತ್ರಿಗಳಲ್ಲಿ ಯಶಸ್ಸು ಸುಮಾರು ಶೇ 17. ಬೇಗ ಮರಳಿ ನಿದ್ದೆಗೆ ಜಾರಿದವರಿಗೆ ಫಲ ಹೆಚ್ಚು. ಧ್ಯಾನದ ನಿಜವಾದ ಉಪಯೋಗ ಇಲ್ಲಿರಬಹುದು ಎಂಬುದು ನನ್ನ ಗುಮಾನಿ: ನಸುಕಿನಲ್ಲಿ ಎದ್ದ ಮನಸ್ಸು ಸಾಲದ ಕಂತು, ಮಗಳ ಪರೀಕ್ಷೆ ಎಂದು ಓಡದೆ, ಉಸಿರಿನ ಜೊತೆ ಹದವಾಗಿ ಮರಳಿ ಮಲಗುತ್ತದೆ. ಅಡಿಕೆ ಸುಗ್ಗಿಯಲ್ಲಿ ನಾಲ್ಕಕ್ಕೆ ಎದ್ದು ಒಲೆಗೆ ಬೆಂಕಿ ಹಾಕಿ ಇನ್ನೊಂದು ಗಳಿಗೆ ಒರಗುವವರು, ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬೆಳಗಿಗೆ ಮಲಗುವವರು ವಿಚಿತ್ರ ಕನಸು ಹೇಳುವುದನ್ನು ಕೇಳಿಯೇ ನಾವು ಬೆಳೆದದ್ದು. ನನ್ನ ಸೇತುವೆಯ ಬಸ್ಸು ಬಂದದ್ದೂ ಅಂಥದೇ ಎರಡನೇ ನಿದ್ದೆಯಲ್ಲಿ.

ಇದಕ್ಕೆ ಖರ್ಚೂ ಇದೆ. ವಾರಕ್ಕೆ ನಾಲ್ಕು ರಾತ್ರಿ ನಿದ್ದೆ ಮುರಿದರೆ ಹಗಲಿಗೆ ತೂಕಡಿಕೆ ಬರುತ್ತದೆ, ಘಟ್ಟದ ತಿರುವುಗಳಲ್ಲಿ ಬೈಕ್ ಓಡಿಸುವವರು ಅದನ್ನು ಲೆಕ್ಕಕ್ಕಿಡಬೇಕು. ಎಚ್ಚರವಾಗಿಯೂ ಮೈ ಅಲುಗದೆ, ಎದೆಯ ಮೇಲೆ ಯಾರೋ ಕುಳಿತಂತಾಗುವ ನಿದ್ರಾ ಪಾರ್ಶ್ವವಾಯು ಕೆಲವರಿಗೆ ಆಗುತ್ತದೆ. ಅದು ದೆವ್ವವಲ್ಲ, ರೆಮ್ ನಿದ್ರೆಯ ಸಡಿಲಿಕೆ ಬಿಡಲು ಕೊಂಚ ತಡವಾದದ್ದು, ತಾನಾಗಿಯೇ ಬಿಡುತ್ತದೆ. ಕಂಡದ್ದು ನಿಜವೋ ಭ್ರಮೆಯೋ ಎಂಬ ಗೊಂದಲದ ಮನೋರೋಗಕ್ಕೆ ಚಿಕಿತ್ಸೆ ಪಡೆಯುತ್ತಿರುವವರು, ಹಗಲನ್ನೂ ಕನಸೆಂದು ಪರೀಕ್ಷಿಸುವ ಈ ಅಭ್ಯಾಸಕ್ಕೆ ಕೈ ಹಾಕುವ ಮೊದಲು ತಮ್ಮ ವೈದ್ಯರನ್ನು ಕೇಳಬೇಕು.