‘ವೈಯಕ್ತಿಕ ಮಾಹಿತಿ’ ಎಂಬ ಒಂದು ಸಾಲಿನ ಹಿಂಬರಹ

ಮಾಹಿತಿ ಹಕ್ಕು ಮೇಲ್ಮನವಿಗಳನ್ನು ನಡೆಸುವ ನನ್ನಂಥ ವಕೀಲರ ಮೇಜಿಗೆ ಈಚೆಗೆ ಬರುತ್ತಿರುವ ಹಿಂಬರಹಗಳಲ್ಲಿ (ಅರ್ಜಿಗೆ ಕಚೇರಿ ಕೊಡುವ ಲಿಖಿತ ಉತ್ತರಗಳಲ್ಲಿ) ಒಂದೇ ಒಕ್ಕಣೆ ಮತ್ತೆ ಮತ್ತೆ ಕಾಣುತ್ತಿದೆ: ‘ಕೋರಿರುವ ಮಾಹಿತಿಯು ವೈಯಕ್ತಿಕವಾಗಿದ್ದು, ಕಲಂ 8(1)(ಜೆ) ಅಡಿ ನೀಡಲು ಅವಕಾಶವಿರುವುದಿಲ್ಲ.’ ಯಾರ ಖಾಸಗಿತನಕ್ಕೆ ಏನು ಧಕ್ಕೆ ಎಂಬ ವಿವರಣೆ ಅದರಲ್ಲಿ ಇರುವುದಿಲ್ಲ.

2005ರ ಮೂಲ ಮಾಹಿತಿ ಹಕ್ಕು ಅಧಿನಿಯಮದ ಈ ಕಲಮೂ ಖಾಸಗಿತನವನ್ನು ಕಾಪಾಡಿತ್ತು. ಸಾರ್ವಜನಿಕ ಚಟುವಟಿಕೆಗೆ ಅಥವಾ ಹಿತಕ್ಕೆ ಸಂಬಂಧವಿಲ್ಲದ, ಇಲ್ಲವೇ ವ್ಯಕ್ತಿಯ ಖಾಸಗಿ ಬದುಕಿನಲ್ಲಿ ಅನಗತ್ಯವಾಗಿ ಕೈಹಾಕುವಂಥ ವೈಯಕ್ತಿಕ ಮಾಹಿತಿಯನ್ನು ಮಾತ್ರ ಅದು ತಡೆದಿತ್ತು. ಅದನ್ನೂ ವಿಶಾಲ ಸಾರ್ವಜನಿಕ ಹಿತ ಕಂಡುಬಂದರೆ ಮಾಹಿತಿ ಅಧಿಕಾರಿಯೇ ಕೊಡಬಹುದಿತ್ತು. ಸಂಸತ್ತಿಗೂ ವಿಧಾನಮಂಡಲಕ್ಕೂ ನಿರಾಕರಿಸಲಾಗದ್ದನ್ನು ಸಾಮಾನ್ಯ ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಪರಂತುಕವೂ (ಕಲಮಿಗೆ ಸೇರಿಸಿದ ಷರತ್ತು) ಜೊತೆಗಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಕಲಂ 44(3) ಇಷ್ಟನ್ನೂ ಅಳಿಸಿ, ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದೆಲ್ಲವನ್ನೂ ವಿನಾಯಿತಿಯೊಳಗೆ ಸೇರಿಸಿತು. 2025ರ ನವೆಂಬರ್‌ನಲ್ಲಿ ಅದು ಜಾರಿಗೆ ಬಂದಿದೆ.

ಉದ್ಯೋಗ ಖಾತ್ರಿ ಕಾಮಗಾರಿಯ ಎನ್‌ಎಂಆರ್ ಹಾಳೆಯನ್ನೇ, ಅಂದರೆ ಕೂಲಿಕಾರರ ಹಾಜರಿ ಪಟ್ಟಿಯನ್ನೇ ನೋಡಿ. ಕೂಲಿಕಾರರ ಹೆಸರು, ಜಾಬ್ ಕಾರ್ಡ್ ಸಂಖ್ಯೆ, ದಿನವಾರು ಹಾಜರಿ, ಸಂದಾಯವಾದ ಕೂಲಿ, ಇವೇ ಅದರಲ್ಲಿ ಮುಖ್ಯವಾಗಿ ಇರುವುದು. ಹೆಸರಿನ ಕಾಲಂ ಮುಚ್ಚಿದರೆ ಉಳಿಯುವ ಅಂಕಿಗಳಿಂದ ಏನನ್ನೂ ತಾಳೆ ನೋಡಲಾಗದು. 1994ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಗ್ರಾಮದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯು ನಡೆಸಿದ ಜನ ಸುನವಾಯಿಯಲ್ಲಿ (ಸಾರ್ವಜನಿಕ ಅಹವಾಲು ಸಭೆಯಲ್ಲಿ) ಇಂಥ ಹಾಜರಿ ಪಟ್ಟಿಗಳನ್ನು ಊರವರ ಮುಂದೆ ಗಟ್ಟಿಯಾಗಿ ಓದಲಾಯಿತು. ಈ ದೇಶದ ಮಾಹಿತಿ ಹಕ್ಕಿನ ಹೋರಾಟ ಬೆಳೆದದ್ದೇ ಹಾಗೆ ಹೆಸರು ಹೆಸರಾಗಿ ಓದುವುದರಿಂದ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಸಾರಿದ ಮೇಲೆ ಈ ತಿದ್ದುಪಡಿ ಅನಿವಾರ್ಯವಾಯಿತು ಎಂಬ ಸಮರ್ಥನೆಯುಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ್ದ ಆ ಪ್ರಕರಣದ ತೀರ್ಪೇ ಹಕ್ಕುಗಳ ನಡುವೆ ಪ್ರಮಾಣಬದ್ಧತೆಯನ್ನು, ಅಂದರೆ ನಿರ್ಬಂಧವು ಉದ್ದೇಶಕ್ಕೆ ತಕ್ಕಷ್ಟೇ ಇದೆಯೇ ಎಂಬುದನ್ನು, ತೂಗಿ ನೋಡಬೇಕೆಂದು ಹೇಳಿದೆ. ತೂಗುವ ಆ ಕೆಲಸವನ್ನು ಹಳೆಯ ಕಲಮೇ ಮಾಡುತ್ತಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಸಾರ್ವಜನಿಕ ಹಿತವು ಹಾನಿಗಿಂತ ಮಿಗಿಲಾದರೆ ಮಾಹಿತಿ ನೀಡಬಹುದು ಎನ್ನುವ ಕಲಂ 8(2) ಹಾಗೆಯೇ ಉಳಿದಿದೆಯಲ್ಲ ಎಂಬ ಉತ್ತರ ನಿಜವೇ. ಆದರೆ ಅಲ್ಲಿರುವುದು ‘ನೀಡಬಹುದು’ ಎಂಬ ವಿವೇಚನೆ. ಅರ್ಜಿದಾರ ಕಾರಣ ಹೇಳಬೇಕಿಲ್ಲ ಎಂದು ಕಲಂ 6(2) ಭರವಸೆ ಕೊಡುತ್ತದೆ. ಆದರೂ ಹೆಸರಿರುವ ಕಡತ ಬೇಕಾದವರು ಈಗ ಸಾರ್ವಜನಿಕ ಹಿತವನ್ನು ತಾವೇ ವಿವರಿಸದೆ ಗತ್ಯಂತರವಿಲ್ಲ. ಅದೂ ಕರ್ನಾಟಕದ ನಿಯಮಗಳಂತೆ ಸಾಮಾನ್ಯವಾಗಿ 150 ಪದ ಮೀರದ, ಒಂದೇ ವಿಷಯದ ಅರ್ಜಿಯಲ್ಲಿ. ಹೀಗೆ ಸಾರ್ವಜನಿಕ ಹಿತವನ್ನು ತೋರಿಸುವ ಹೊರೆ ಕಚೇರಿಯ ಹೆಗಲಿನಿಂದ ಅರ್ಜಿದಾರರ ಹೆಗಲಿಗೆ ಬಂದಿದೆ.

ಕಲಂ 8(1)(ಜೆ)ಯ ಹಳೆಯ ಒಕ್ಕಣೆಯನ್ನು ಪರಂತುಕದ ಸಮೇತ ಮರಳಿ ತರಬೇಕು. ಫಲಾನುಭವಿಗಳ ವಿವರವನ್ನು ಸ್ವಯಂಪ್ರೇರಿತವಾಗಿ ಪ್ರಕಟಿಸಬೇಕೆನ್ನುವ ಕಲಂ 4(1)(ಬಿ)ಗೆ 8(1)(ಜೆ) ಅಡ್ಡಬರದು ಎಂದೂ ಸ್ಪಷ್ಟವಾಗಿ ಬರೆಯಬೇಕು. ಏಕೆಂದರೆ ಕಲಂ 8 ಅಧಿನಿಯಮದ ಉಳಿದ ಉಪಬಂಧಗಳನ್ನು ಮೀರುವ ಮಾತಿನಿಂದಲೇ ಆರಂಭವಾಗುತ್ತದೆ. ಎರಡನೇ ಮೇಲ್ಮನವಿಯನ್ನು ಮಾಹಿತಿ ಆಯೋಗ ಇಂತಿಷ್ಟು ದಿನಗಳಲ್ಲಿ ತೀರ್ಮಾನಿಸಬೇಕೆಂಬ ಗಡುವು ಕಾಯ್ದೆಯಲ್ಲಿ ಇಲ್ಲ, ಅದನ್ನೂ ಸೇರಿಸಬೇಕು.

ಅಲ್ಲಿಯವರೆಗೆ ಅರ್ಜಿಯಲ್ಲೇ ಕಲಂ 8(2)ನ್ನು ಉಲ್ಲೇಖಿಸಿ, ಕಾಮಗಾರಿಗೆ ಖರ್ಚಾದದ್ದು ಸಾರ್ವಜನಿಕ ಹಣ ಎಂಬುದನ್ನು ಒಂದು ವಾಕ್ಯದಲ್ಲಿ ದಾಖಲಿಸಿ. ಆಧಾರ್, ಬ್ಯಾಂಕ್ ಖಾತೆ ಸಂಖ್ಯೆಗಳನ್ನು ಕಲಂ 10ರಂತೆ ಮರೆಮಾಡಿ ಉಳಿದುದನ್ನು ಕೊಡಿ ಎಂದು ಕೇಳಿ. ನಿರಾಕರಣೆ ಬಂದರೆ 30 ದಿನಗಳೊಳಗೆ ಪ್ರಥಮ ಮೇಲ್ಮನವಿ ಹಾಕಿ. ನಿರಾಕರಣೆ ಸರಿಯೆಂದು ರುಜುವಾತುಪಡಿಸುವ ಹೊಣೆ ಕಲಂ 19(5)ರ ಪ್ರಕಾರ ಇಂದಿಗೂ ಮಾಹಿತಿ ಅಧಿಕಾರಿಯದೇ ಎಂಬುದನ್ನು ಅದರ ಮೊದಲ ಆಧಾರವಾಗಿ ಬರೆಯಿರಿ.